ಗೊಣಗುವ ಗಿರಾಕಿಗಳು

ಲಾಡ್ಜು
ಏಪ್ರಿಲ್ ೧೪

ಪುಟ್ಟೀ,

ಈ ಲಕೋಟೆಯಲ್ಲಿ ಎರಡು ಹಾಳೆ ಇವೆ. ಇದು ನಿನಗೆ. ಇನ್ನೊಂದು ನಿನ್ನ ಭಾವನಿಗೆ, ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತು ನೀನು ಓದಿ ಹೇಳಬೇಕಾದದ್ದು. ಅವರ ಕಣ್ಣಿಗೆ ನನ್ನ ಕೋಳಿಕಾಲಿನ ಅಕ್ಷರ ಹತ್ತುವುದಿಲ್ಲ. ಎರಡನ್ನೂ ಅದಲುಬದಲು ಮಾಡಿಬಿಟ್ಟೀಯ, ಜೋಕೆ. ಹೊಲಿಯುವ ಮುಂಚೆ ಬಟ್ಟೆಯ ಒಳಮೈ ಹೊರಮೈ ನೋಡುತ್ತೀಯಲ್ಲ, ಅಷ್ಟೇ ಎಚ್ಚರ ಇರಲಿ.

ನಿಜ ಏನೆಂದರೆ, ಯಾರೂ ಬಂದಿಲ್ಲ. ಬೆಟ್ಟದ ಆ ಮಗ್ಗುಲಿಗೆ ಹೊಸ ರಸ್ತೆಯಾಗಿದೆ, ಅಲ್ಲೊಂದು ಈಜುಕೊಳದ ಹೋಟೆಲ್ಲು ಎದ್ದಿದೆ. ನಮ್ಮ ಕಡೆ ಬರುತ್ತಿದ್ದ ಬಸ್ಸನ್ನು ಅತ್ತ ತಿರುಗಿಸಿದ್ದಾರೆ. ಈಗ ಇಲ್ಲಿಗೆ ಬರುವುದು ಹಾಲಿನ ವ್ಯಾನು ಮಾತ್ರ, ಅದೂ ವಾರಕ್ಕೆ ಎರಡು ಸಲ. ಚಳಿಗಾಲದಲ್ಲಿ ಬಿದ್ದ ಟೆಲಿಫೋನ್ ಕಂಬ ಬಿದ್ದ ಹಾಗೇ ಇದೆ. ನಾನು ಮಾತ್ರ ಹುಚ್ಚಿಯ ಹಾಗೆ ಒಂಬತ್ತು ರೂಮಿನ ಹಾಸಿಗೆಗಳನ್ನೂ ಬಿಸಿಲಿಗೆ ಹಾಕಿ, ದೋಣಿಗಳಿಗೆ ಬಣ್ಣ ಬಳಿದು, ಕೆರೆಯ ಕಡೆಯ ಜಗುಲಿಯಲ್ಲಿ ಕುರ್ಚಿ ಹಾಕಿಟ್ಟು ಕಾಯುತ್ತಿದ್ದೇನೆ.

ಇದನ್ನು ಅವರಿಗೆ ಹೇಳಬೇಡ. ಅವರನ್ನು ಅಲ್ಲಿ ಮಲಗಿಸಿ ಬರುವಾಗ ಏನೆಂದರು, ನೀನೇ ಕೇಳಿಸಿಕೊಂಡೆಯಲ್ಲ. "ನೀನಿಲ್ಲಿ ಕೂತ್ರೆ ನನ್ನ ಎದೆ ಸರಿಹೋಗುತ್ತಾ? ಹೋಗು, ಮನೆ ತುಂಬಿಸು. ಮನೆ ತುಂಬಿದೆ ಅಂತ ಕೇಳಿದ್ರೆ ನನ್ನ ಅರ್ಧ ಕಾಯಿಲೆ ಅಲ್ಲೇ ಹೋಗುತ್ತೆ." ಅದಕ್ಕೇ ತುಂಬಿಸಿದ್ದೇನೆ, ಆ ಇನ್ನೊಂದು ಹಾಳೆಯಲ್ಲಿ. ದುರ್ಬೀನು ಮೇಷ್ಟ್ರು ಎಂದಿನಂತೆ ಮೊದಲ ದಿನವೇ ಬಂದಿಳಿದಿದ್ದಾರೆ. ಮೂರು ದಿಂಬಿನಮ್ಮ ತಂಗಿಯನ್ನೂ ಕರೆದುಕೊಂಡು ಬಂದಿದ್ದಾಳೆ. ಹಕ್ಕಿಗಳು ಕೂಡ ಕಳೆದ ವರ್ಷಕ್ಕಿಂತ ಜಾಸ್ತಿ.

ಸ್ವಲ್ಪ ನಗುನಗುತ್ತಾ ಓದು. ನಿನ್ನ ಮುಖ ಯಾವಾಗಲೂ ಅಳತೆ ತಪ್ಪಿದ ಬಟ್ಟೆ ನೋಡಿದ ಹಾಗಿರುತ್ತದೆ.

ಅಕ್ಕ

*

ಟೈರಿನಂಗಡಿ ಮಹಡಿ
ಏಪ್ರಿಲ್ ೨೨

ಅಕ್ಕಾ,

ನನ್ನ ಮುಖದ ವಿಷಯ ಬಿಡು, ಅದನ್ನು ನೋಡಿ ಯಾರೂ ಹೊಲಿಗೆಗೆ ಕೊಡುವುದಿಲ್ಲ. ಸ್ಕೂಲಿನ ಸಮವಸ್ತ್ರದ ಬಟ್ಟೆ ಬಂದು ಬಿದ್ದಿದೆ. ಮಂಚದ ಮೇಲೆ ನೀಲಿ ಚಡ್ಡಿಗಳು, ನಾನು ಕೆಳಗೆ ಚಾಪೆಯ ಮೇಲೆ. ಕೆಳಗಿನ ಅಂಗಡಿಯ ರಬ್ಬರು ವಾಸನೆ ಈಗ ನನ್ನ ಮೈಯದೇ ಆಗಿಬಿಟ್ಟಿದೆ.

ಬುಧವಾರ, ಭಾನುವಾರ ಭಾವನನ್ನು ನೋಡಿ ಬರುತ್ತೇನೆ. ಒಬ್ಬರಿಗೆ ಮಾತ್ರ ಚೀಟಿ ಕೊಡುತ್ತಾರೆ, ಇಬ್ಬರು ಒಳಗೆ ಹೋದರೆ ದಾದಿ ಕಣ್ಣಲ್ಲೇ ಹೊರಗೆ ತಳ್ಳುತ್ತಾಳೆ. ಊಟ ಮಾಡುತ್ತಾರೆ. ಕೆಮ್ಮು ಇದೆ, ಆದರೆ ಮೊದಲಿನಂತಲ್ಲ. ನಿನ್ನ ಹಾಳೆ ಓದಿದೆ. ಎಷ್ಟು ಖುಷಿಪಟ್ಟರೆಂದರೆ ಪಕ್ಕದ ಹಾಸಿಗೆಯ ನಿವೃತ್ತ ಡ್ರೈವರನಿಗೂ ಕೇಳಲಿ ಎಂದು ಜೋರಾಗಿ ಇನ್ನೊಮ್ಮೆ ಓದಿಸಿದರು. "ಕೆರೆ ಕಡೆ ರೂಮು ಯಾರಿಗೆ ಕೊಟ್ಟಳು?" ಎಂದು ಕೇಳಿದರು. ನಿನ್ನ ಹಾಳೆಯಲ್ಲಿ ಅದಿರಲಿಲ್ಲ. ಹೊಸದಾಗಿ ಮದುವೆಯಾದವರಿಗೆ ಎಂದೆ. ಬರೆದಿಟ್ಟುಕೋ, ಕೆರೆಯ ಕಡೆಯ ರೂಮಿನಲ್ಲಿ ಈಗ ಹೊಸ ಗಂಡ ಹೆಂಡತಿ ಇದ್ದಾರೆ.

ಒಂದು ಮಾತು. ಓದಿ ಮುಗಿಸಿದ ಮೇಲೆ ಭಾವ ಹಾಳೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ, "ಈ ಸಲ ಯಾರೂ ಗೊಣಗಲೇ ಇಲ್ವಾ?" ಎಂದರು. ನಾನು ಪೆಚ್ಚಾದೆ. "ಹಾಸಿಗೆ ಗಟ್ಟಿ, ನೀರು ತಣ್ಣಗೆ, ಹಕ್ಕಿ ಬೇಗ ಕೂಗುತ್ತೆ, ಏನಾದರೊಂದು ಹೇಳದೆ ಯಾವ ಗಿರಾಕಿ ಇರ್ತಾನೆ ಪುಟ್ಟಿ? ಮೇಷ್ಟ್ರಂತೂ ಆಕಾಶಕ್ಕೇ ತಪ್ಪು ಹುಡುಕೋರು." ನನ್ನ ಮುಖ ನೋಡುತ್ತಲೇ ಇದ್ದರು. ನಾನು ಫ್ಲಾಸ್ಕು ತೊಳೆಯುವ ನೆವ ಮಾಡಿ ಎದ್ದು ಹೋದೆ.

ಆದ್ದರಿಂದ ಮಹಾರಾಯಿತಿ, ಸುಳ್ಳು ಹೇಳುವುದೇ ಆದರೆ ಉಪ್ಪು ಖಾರ ಹಾಕಿ ಹೇಳು. ನಾಲ್ಕು ಜನ ಗೊಣಗಲಿ. ಅವರು ನಂಬುತ್ತಾರೆ, ನನಗೂ ಉಸಿರಾಡಲು ಬರುತ್ತದೆ.

ನಿನ್ನ ಪುಟ್ಟಿ

*

ಲಾಡ್ಜು
ಮೇ ೧

ಪುಟ್ಟೀ,

ಎಂಥ ಜಾಣೆಯೇ ನೀನು! ನನಗಿದು ಹೊಳೆದಿರಲೇ ಇಲ್ಲ. ಇಪ್ಪತ್ತು ವರ್ಷ ಗಿರಾಕಿಗಳ ಬೈಗುಳ ತಿಂದವಳು, ಬರೆಯುವಾಗ ಎಲ್ಲರನ್ನೂ ದೇವರು ಮಾಡಿಬಿಟ್ಟೆ.

ಆದರೆ ದೂರು ಬರೆಯಲು ಕೂತರೆ ಒಂದೂ ಬರಲೊಲ್ಲದು. ಆಗ ಏನು ಮಾಡಿದೆ ಗೊತ್ತೇ? ದಿನಕ್ಕೊಂದು ರೂಮಿನಲ್ಲಿ ಮಲಗಿದೆ. ಕೈಚೀಲ ಹಿಡಿದು, ಬಾಗಿಲು ತಟ್ಟಿ, ಗಿರಾಕಿಯ ಹಾಗೆ ಒಳಗೆ ಹೋದೆ. ಈ ಮನೆಯಲ್ಲಿ ಅಡುಗೆಮನೆ ಪಕ್ಕದ ಕೋಣೆ ಬಿಟ್ಟು ಬೇರೆಲ್ಲೂ ನಾನು ಮಲಗಿದ್ದೇ ಇಲ್ಲ. ಒಂದೊಂದರಲ್ಲೂ ಒಂದೊಂದು ಕೊರತೆ ಕಂಡಿತು. ನೋಡು, ಅವರ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ:

"ಏಳನೇ ರೂಮಿನವರು ಬಿಸಿನೀರಿಗೆ ನಲ್ಲಿ ತಿರುಗಿಸಿಟ್ಟು ಒಂದು ನಿದ್ದೆ ತೆಗೆಯಬಹುದು ಅಂತ ಹಂಗಿಸಿದರು. ನಾಲ್ಕರ ಕಿಟಕಿ ಗಾಳಿಗೆ ಹಲ್ಲು ಕಡಿಯುತ್ತಂತೆ. ಮೂರು ದಿಂಬಿನಮ್ಮ ನಾಲ್ಕನೆಯ ದಿಂಬು ಕೇಳಿದಳು, ಕೊಟ್ಟರೆ ಅದರಲ್ಲಿ ಹತ್ತಿ ಗಂಟು ಕಟ್ಟಿದೆ ಅಂದಳು. ಮೇಷ್ಟ್ರಿಗೆ ಮಂಚ ಗಿಡ್ಡವಾಯಿತಂತೆ. ಹೋದ ವರ್ಷ ಅದೇ ಮಂಚ ಸರಿಯಾಗಿತ್ತಲ್ಲ ಅಂದರೆ, ಬೆಟ್ಟದ ಗಾಳಿಗೆ ನಾನು ಬೆಳೆದಿದ್ದೀನಿ ಅಂದರು. ನನಗೆ ಒಂದು ನಿಮಿಷ ಬಿಡುವಿಲ್ಲ. ಇವರನ್ನೆಲ್ಲ ಕಟ್ಟಿಕೊಂಡು ನಾನೊಬ್ಬಳೇ ಏನು ಮಾಡಲಿ, ಬೇಗ ಹುಷಾರಾಗಿ ಬನ್ನಿ."

ಹೇಗಿದೆ? ಬರೆಯುವಾಗ ನನಗೇ ಮೇಷ್ಟ್ರ ಮೇಲೆ ಕೋಪ ಬಂತು. ಮಂಚಗಳನ್ನೆಲ್ಲ ನಿನ್ನ ಭಾವ ತಮ್ಮ ಕೈಯಾರೆ ಮಾಡಿದ್ದು, ಗಿಡ್ಡ ಅಂದರೆ ಅವರಿಗೆ ರೋಷ ಉಕ್ಕಿ ಎದ್ದು ಕೂರುತ್ತಾರೆ. ಅದು ಔಷಧಿಗಿಂತ ಒಳ್ಳೆಯದು.

ಒಂದು ಸಂಗತಿ ನಿನಗೆ ಮಾತ್ರ. ಇನ್ನೊಬ್ಬರಿಗೆ ಹಾಸಿದ ಹಾಸಿಗೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು, ಯಾರಾದರೂ ಟೀ ತಂದುಕೊಡುತ್ತಾರೇನೋ ಎಂದು ಸುಮ್ಮನೆ ಬಿದ್ದುಕೊಂಡಿದ್ದೆ. ತರುವವಳೂ ನಾನೇ ಅನ್ನುವುದು ಆಮೇಲೆ ನೆನಪಾಯಿತು. ಪೂರ್ತಿ ಬೇಸಿಗೆ ಹೀಗೇ ಕಳೆದರೆ ನನಗೆ ತಲೆ ಕೆಡುತ್ತದೆ.

ಅಕ್ಕ

*

ಟೈರಿನಂಗಡಿ ಮಹಡಿ
ಮೇ ೯

ಅಕ್ಕಾ,

ನಿನ್ನ ದೂರಿನ ಹಾಳೆ ಗೆದ್ದಿತು. ಭಾವನಿಗೆ ಈಗ ಎಳ್ಳಷ್ಟೂ ಅನುಮಾನವಿಲ್ಲ. ಮಂಚ ಗಿಡ್ಡ ಎಂದದ್ದಕ್ಕೆ ನೀನು ಹೇಳಿದಂತೆಯೇ ರೋಷ ಬಂತು. "ಮಂಚ ಗಿಡ್ಡ ಅಲ್ಲ, ಆಯಪ್ಪನ ನಾಲಿಗೆ ಉದ್ದ" ಎಂದರು. ಡ್ರೈವರ್ ನಕ್ಕೂ ನಕ್ಕೂ ಸುಸ್ತಾದ. ಆಮೇಲೆ ಭಾವ ಒಂದೊಂದಕ್ಕೂ ಪರಿಹಾರ ಹೇಳಿ ನನ್ನ ಕೈಯಲ್ಲಿ ಬರೆಸಿದರು: ನಾಲ್ಕರ ಕಿಟಕಿಯ ಸಂದಿಗೆ ಕಾಗದ ಮಡಚಿ ತುರುಕಬೇಕಂತೆ. ಏಳರ ನಲ್ಲಿಯ ಕೊಳವೆಗೆ ಗೋಣಿ ಸುತ್ತಬೇಕಂತೆ. ದಿಂಬಿನಮ್ಮನಿಗೆ ಅದೇ ದಿಂಬಿಗೆ ಹೊಸ ಚೀಲ ಹಾಕಿ ಕೊಟ್ಟರೆ ಸಾಕಂತೆ, ಅವಳು ಕೇಳುವುದು ದಿಂಬನ್ನಲ್ಲ, ಮರ್ಯಾದೆಯನ್ನಂತೆ.

ಅವರ ಹಾಸಿಗೆಯನ್ನು ದಾದಿಯರ ಮೇಜಿನ ಹತ್ತಿರಕ್ಕೆ ಸರಿಸಿದ್ದಾರೆ. ಅಲ್ಲಿ ಗಾಳಿ ಚೆನ್ನಾಗಿದೆ. ಆಸ್ಪತ್ರೆಯ ಅಂಗಿಗಳು ದೊಗಳೆಯಾಗುತ್ತವೆ ಎಂದು ಎರಡನ್ನು ತಂದು ಪಕ್ಕ ಹಿಡಿದು ಹೊಲಿದುಕೊಟ್ಟೆ. ಮತ್ತೊಮ್ಮೆ ಹಿಡಿಯಬೇಕಾಗಬಹುದು.

ಡಾಕ್ಟರು ಒಂದು ದಿನ ನನ್ನನ್ನು ಕೋಣೆಗೆ ಕರೆದು ಮಾತನಾಡಿಸಿದರು. ಹೊಸದೇನೂ ಇಲ್ಲ.

ಅಕ್ಕಾ, ಹೇಗಿದ್ದರೂ ಮನೆ ಖಾಲಿ ಇದೆಯಲ್ಲ, ಎರಡು ದಿನ ಬೀಗ ಹಾಕಿ ಬಂದು ಹೋಗಬಾರದೇ? ಹಾಲಿನ ವ್ಯಾನಿನಲ್ಲಿ ಬಂದು ಹಾಲಿನ ವ್ಯಾನಿನಲ್ಲೇ ಹೋಗಬಹುದು. ನಾನು ಸುಮ್ಮನೆ ಹೇಳಿದೆ. ಯೋಚಿಸು.

ಪುಟ್ಟಿ

*

ಲಾಡ್ಜು
ಮೇ ೧೫

ಪುಟ್ಟೀ,

ಬಂದು ಏನು ಹೇಳಲಿ? "ಗಿರಾಕಿಗಳನ್ನ ಯಾರ ಕೈಗೆ ಬಿಟ್ಟು ಬಂದೆ?" ಎಂದು ಕೇಳಿದರೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಕಾಗದದ ಮೇಲೆ ಎಷ್ಟು ಬೇಕಾದರೂ ಸುಳ್ಳು ಹೇಳುತ್ತೇನೆ, ಅವರ ಮುಖದ ಮುಂದೆ ಆಗುವುದಿಲ್ಲ. ಮದುವೆಯಾದಂದಿನಿಂದ ಆಗಿಲ್ಲ. ಇಷ್ಟು ಕಷ್ಟಪಟ್ಟು ಕಟ್ಟಿದ್ದು ಒಂದೇ ನೋಟಕ್ಕೆ ಬಿದ್ದುಹೋಗುತ್ತದೆ. ಅವರು ಗುಣವಾಗುತ್ತಿರುವ ಹೊತ್ತಿನಲ್ಲಿ ಅದು ಬೇಡ. ಗಾಳಿ ಬರುವ ಕಡೆ ಹಾಸಿಗೆ ಕೊಟ್ಟಿದ್ದಾರೆಂದರೆ ಡಾಕ್ಟರಿಗೆ ಭರವಸೆ ಬಂದಿದೆ ಅಂತಲೇ ಅರ್ಥ.

ನಿನ್ನ ಪತ್ರವನ್ನು ಮತ್ತೆ ಓದಿದಾಗ ಇನ್ನೊಂದು ಅನಿಸಿತು. ವಾರಕ್ಕೆ ಎರಡು ಸಲ ಆಸ್ಪತ್ರೆ, ಅಂಗಿ ಹೊಲಿಯುವುದು, ಮೇಲೆ ನಿನ್ನ ಸ್ಕೂಲು ಬಟ್ಟೆಯ ಗಡಿಬಿಡಿ. ನಿನಗೆ ಭಾರವಾಗಿದ್ದರೆ ನೇರವಾಗಿ ಹೇಳು. ಸುತ್ತಿ ಬಳಸಿ "ಬಂದು ಹೋಗಬಾರದೇ" ಎನ್ನುವುದು ಬೇಡ. ಒಡಹುಟ್ಟಿದವಳು ಎಂದು ಒಪ್ಪಿಸಿ ಬಂದೆ, ಅದೇ ತಪ್ಪಾಗಿದ್ದರೆ ಆಸ್ಪತ್ರೆಯಲ್ಲೇ ಒಬ್ಬ ಆಯಾಗೆ ಹೇಳುತ್ತೇನೆ.

ನಾಲ್ಕರ ಕಿಟಕಿಗೆ ಕಾಗದ ತುರುಕಿದೆ. ಏಳರ ಕೊಳವೆಗೆ ಗೋಣಿ ಸುತ್ತಿದೆ. ಈಗ ನೀರು ಬೇಗ ಬಿಸಿ ಬರುತ್ತದೆ. ಅವರಿಗೆ ಹೇಳು.

ಅಕ್ಕ

*

ಮೇ ೨೧

ಅಕ್ಕಾ,

ಭಾರವಾಗಿಲ್ಲ. ಆಯಾ ಬೇಡ.

ಹಾಳೆ ಓದಿದೆ. ಬಿಸಿನೀರಿನ ವಿಷಯ ಕೇಳಿ ಭಾವನಿಗೆ ಸಂತೋಷವಾಯಿತು.

ಅವರು ಹೇಳಬೇಡ ಎಂದದ್ದನ್ನು ನಿನಗೆ ಹೇಳುವುದಿಲ್ಲ. ನೀನು ಹೇಳಬೇಡ ಎಂದದ್ದನ್ನು ಅವರಿಗೆ ಹೇಳುವುದಿಲ್ಲ. ಎರಡೂ ಕಡೆಯಿಂದ ಬಾಯಿಗೆ ಹೊಲಿಗೆ ಹಾಕಿಸಿಕೊಂಡು ಕೂತಿದ್ದೇನೆ. ದರ್ಜಿಗೆ ತಕ್ಕ ಪಾಡು.

ಸಮವಸ್ತ್ರಗಳ ಕೆಲಸ ಇದೆ. ಇಷ್ಟೇ.

ಪುಟ್ಟಿ

*

ಲಾಡ್ಜು
ಮೇ ೨೭

ನನ್ನ ಸಿಟ್ಟಿನ ಪುಟ್ಟೀ,

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದೀಯ, ಚಿಕ್ಕಂದಿನಿಂದಲೂ ಹಾಗೇ. ನಾನು ಹಾಗೆ ಬರೆಯಬಾರದಿತ್ತು. ಇಲ್ಲಿ ಮಾತಾಡಿಸಲು ಒಂದು ಜೀವವಿಲ್ಲ, ತಲೆಗೆ ಬಂದದ್ದೆಲ್ಲ ಪೆನ್ನಿಗೆ ಇಳಿಯುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆದರೆ ನೀನು ಮುಚ್ಚಿಡುತ್ತಿರುವುದು ನನಗೆ ಗೊತ್ತಾಯಿತು. ನಿನ್ನ ಭಾವ ಕದ್ದು ಬೀಡಿ ಸೇದುತ್ತಿದ್ದಾರೆ ತಾನೇ? ಆ ಡ್ರೈವರ್ ತಂದುಕೊಡುತ್ತಾನೆ. "ನಿಮ್ಮಕ್ಕನಿಗೆ ಹೇಳಬೇಡ" ಎಂದು ಆಣೆ ಹಾಕಿಸಿಕೊಂಡಿರುತ್ತಾರೆ. ಅವರ ಆಣೆಗಳೆಲ್ಲ ಬೀಡಿಯ ಸುತ್ತಲೇ ಇರುತ್ತವೆ, ನನಗೆ ಗೊತ್ತಿಲ್ಲವೇ! ಹೋಗಲಿ, ನೀನು ಮಾತು ತಪ್ಪಬೇಡ. ದಿಂಬಿನ ಕೆಳಗೆ ಕೈ ಹಾಕಿ ನೋಡಿ, ಸಿಕ್ಕರೆ ಎಸೆದುಬಿಡು.

ಈ ಸಲದ ಹಾಳೆ ದೊಡ್ಡದು. ಎಲ್ಲ ರೂಮೂ ತುಂಬಿದೆ, ಜಗುಲಿಯಲ್ಲಿ ಕೂಡ ಇಬ್ಬರಿಗೆ ಹಾಸಿಗೆ ಹಾಕಿದ್ದೇನೆ ಎಂದು ಬರೆದಿದ್ದೇನೆ. ಒಬ್ಬಾತ ದೋಣಿಯಲ್ಲಿ ನೀರು ಸೋರುತ್ತದೆ ಎಂದು ರಂಪ ಮಾಡಿದ್ದಾನೆ. ಜೂನ್ ಮುಗಿಯುವವರೆಗೆ ನನಗೆ ಅಲ್ಲಾಡಲು ಆಗುವುದಿಲ್ಲ ಎಂದೂ ಸೇರಿಸಿದ್ದೇನೆ. ಇನ್ನು ನೀನಾಗಲಿ ಅವರಾಗಲಿ ಬಾ ಎನ್ನುವ ಹಾಗಿಲ್ಲ, ನೋಡು. ಗುಣವಾಗಿ ಅವರೇ ಬರಲಿ. ಬಂದ ಮೇಲೆ, ಎಲ್ಲರೂ ನಿನ್ನೆ ತಾನೇ ಹೋದರು ಅನ್ನುತ್ತೇನೆ. ಅಲ್ಲಿಗೆ ಮುಗಿಯಿತು.

ಕಿಟಕಿಯಿಂದ ರಸ್ತೆ ನೋಡುವುದನ್ನು ಬಿಟ್ಟಿದ್ದೇನೆ.

ಅಕ್ಕ

*

ಟೈರಿನಂಗಡಿ ಮಹಡಿ
ಜೂನ್ ೩

ಅಕ್ಕಾ,

ಬೀಡಿಯಲ್ಲ. ಬೀಡಿಯಾಗಿದ್ದರೆ ನಾನೇ ಅಂಗಡಿಯಿಂದ ತಂದುಕೊಟ್ಟು ಕಡ್ಡಿ ಗೀರುತ್ತಿದ್ದೆ.

ಭಾವ ಉಳಿಯುವುದಿಲ್ಲ. ಡಾಕ್ಟರು ಕೋಣೆಗೆ ಕರೆದು ಹೇಳಿದ್ದು ಅದನ್ನೇ. ದಾದಿಯರ ಮೇಜಿನ ಹತ್ತಿರ ಹಾಸಿಗೆ ಹಾಕುವುದು ಗಾಳಿಗಲ್ಲ, ಮೇಲಿಂದ ಮೇಲೆ ನೋಡಬೇಕಾದವರಿಗೆ. ಅಂಗಿಯನ್ನು ಮೂರನೇ ಸಲ ಹಿಡಿದಿದ್ದೇನೆ, ಇನ್ನೂ ಹಿಡಿಯಲು ಬಟ್ಟೆಯಿದೆ, ಒಳಗೆ ಮೈಯಿಲ್ಲ. ಅವರಿಗೂ ಗೊತ್ತು. "ಸೀಸನ್ ಮುಗಿಯೋವರೆಗೂ ನಿಮ್ಮಕ್ಕನಿಗೆ ಹೇಳಬೇಡ. ಗಿರಾಕಿಗಳ ಮುಂದೆ ಅವಳು ಅಳೋ ಹಾಗಾಗಬಾರದು" ಎಂದು ನನ್ನ ಕೈಹಿಡಿದು ಮಾತು ತೆಗೆದುಕೊಂಡರು. ಆ ಕೈ ಎಷ್ಟು ಹಗುರ ಇತ್ತೆಂದರೆ ಇಲ್ಲ ಎನ್ನಲು ಆಗಲಿಲ್ಲ.

ನಿನ್ನ ಈ ಹಾಳೆ ಓದಿದ ದಿನ ಭಾವ ಮೊದಲ ಸಲ ಬಾಯಿಬಿಟ್ಟು ಹೇಳಿದರು: "ಒಂದ್ಸಲ ನೋಡಬೇಕು ಅನ್ಸುತ್ತೆ ಪುಟ್ಟಿ. ಆದ್ರೆ ಜಗುಲೀಲೂ ಜನ ಮಲಗಿದ್ದಾರಲ್ಲ, ಹೇಗೆ ಬರ್ತಾಳೆ?" ಎಂದು ಗೋಡೆ ನೋಡಿದರು. ನನಗೆ ತಡೆಯಲಾಗಲಿಲ್ಲ. ನಿನಗೆ ಕೊಟ್ಟ ಮಾತು ಮುರಿದೆ. "ಭಾವ, ಮನೆ ಖಾಲಿ ಇದೆ. ಈ ವರ್ಷ ಒಬ್ಬರೂ ಬಂದಿಲ್ಲ. ಅಕ್ಕ ನಿಮಗೋಸ್ಕರ ಬರೀತಾ ಇದ್ದಾಳೆ. ನೀವು ಹೂಂ ಅಂದ್ರೆ ನಾಳೆನೇ ಬರ್ತಾಳೆ" ಎಂದೆ.

ಅಕ್ಕಾ, ಅವರು ನಂಬಲಿಲ್ಲ. ನಕ್ಕರು. "ನನ್ನ ಸಮಾಧಾನಕ್ಕೆ ಹೇಳ್ತಾ ಇದ್ದೀಯ. ಸುಳ್ಳು ಗಿರಾಕಿ ಎಲ್ಲಾದ್ರೂ ಮಂಚ ಗಿಡ್ಡ ಅಂತಾನಾ? ನಲ್ಲಿ ನೀರು ನಿಧಾನ ಅಂತಾನಾ? ಏಳನೇ ರೂಮಿನ ಕೊಳವೆ ಹಾಗೇ ಇರೋದು ಅಂತ ನನಗೆ ಗೊತ್ತಿಲ್ವಾ?" ಎಷ್ಟು ಹೇಳಿದರೂ ತಲೆಯಾಡಿಸಿದರು. ಒಳ್ಳೆಯ ಹುಡುಗಿ ನೀನು ಎಂದು ನನ್ನ ತಲೆ ಸವರಿದರು.

ದೂರು ಹಾಕು ಎಂದು ನಿನಗೆ ಹೇಳಿದ ಬಾಯಿ ನನ್ನದು.

ಇದು ತಲುಪಿದ ಕೂಡಲೇ ಹೊರಡು. ವ್ಯಾನಿಗೆ ಕಾಯಬೇಡ, ಸಾಧ್ಯವಾದರೆ ನಡೆದಾದರೂ ದೊಡ್ಡ ರಸ್ತೆಗೆ ಬಾ.

ಪುಟ್ಟಿ

*

ಟೈರಿನಂಗಡಿ ಮಹಡಿ
ಜೂನ್ ೨೦

ಅಕ್ಕಾ,

ಎಲ್ಲ ಮುಗಿದ ಮಾರನೆಯ ದಿನವೇ ನೀನು ಒಂದು ಮಾತೂ ಆಡದೆ ಬೆಟ್ಟ ಹತ್ತಿಬಿಟ್ಟೆ. ನಿನ್ನ ಶಾಲು ಇಲ್ಲೇ ಇದೆ. ಡ್ರೈವರ್ ದಿನಾ ನಿನ್ನನ್ನು ವಿಚಾರಿಸುತ್ತಾನಂತೆ, ದಾದಿ ಹೇಳಿದಳು. ನಾನು ಏನು ಹೇಳಲಿ?

ಇದನ್ನು ಬರೆಯಬಾರದು ಎಂದು ಎಷ್ಟೋ ಸಲ ಅಂದುಕೊಂಡೆ. ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನೀನು ಬಂದೆ. ಕೆಸರು ಕಾಲಿನಲ್ಲೇ ಒಳಗೆ ಹೋದೆ. ಸಮಯಕ್ಕೆ ಸರಿಯಾಗಿ ತಲುಪಿದಳಲ್ಲ ಎಂದು ನಾನು ಹೊರಗೆ ನಿಂತು ಕೈ ಮುಗಿದೆ. ಟೀ ಕುಡಿಯುವಷ್ಟು ಹೊತ್ತಿನಲ್ಲಿ ನೀನು ಹೊರಗೆ ಬಂದೆ, ಚೀಟಿ ನನ್ನ ಕೈಗಿಟ್ಟೆ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಅಷ್ಟೇ. ಎರಡು ದಿನ ಅವರು ಉಸಿರಿಗೆ ಒದ್ದಾಡಿದರು, ನೀನು ಮತ್ತೆ ಒಳಗೆ ಕಾಲಿಡಲಿಲ್ಲ. ಒಳಗೆ ಹೋಗು ಅಕ್ಕಾ ಎಂದು ಕಾಲು ಹಿಡಿದೆ. ದಾದಿ ನಿಯಮ ಬಿಟ್ಟು ಇಬ್ಬರೂ ಬನ್ನಿ ಎಂದಳು. ನೀನು ಕಲ್ಲಿನ ಹಾಗೆ ಕೂತಿದ್ದೆ. ಕೊನೆಗೆ ನಾನು ಬಾಗಿಲಿಗೆ ಬಂದು ಕೂಗಿದೆ. ನೀನು ತಲೆ ಕೂಡ ಎತ್ತಲಿಲ್ಲ. ಅವರ ಬಾಯಿಗೆ ಕೊನೆಯ ನೀರು ಹಾಕಿದ್ದು ನಾನು. ಹಾಕಬೇಕಾದವಳು ನೀನು.

ನಿನ್ನ ಮೇಲೆ ನನಗೆ ಕೋಪವಿದೆ ಅಕ್ಕಾ. ಸುಳ್ಳು ಹೇಳಿದ್ದಕ್ಕಲ್ಲ, ಅದರಲ್ಲಿ ನನ್ನ ಪಾಲೂ ಇದೆ. ಅಲ್ಲಿ ಕೂತದ್ದಕ್ಕೆ.

ಭಾವ ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದರು. "ನಿಮ್ಮಕ್ಕ ತಲುಪಿರ್ತಾಳಾ?" ಎಂದು ಮತ್ತೆ ಮತ್ತೆ ಕೇಳಿದರು. ಬಾಗಿಲಾಚೆಯೇ ಇದ್ದೀಯ ಎನ್ನಲು ನಾಲಿಗೆ ತುದಿಗೆ ಬಂತು. ನೀನು ಹೀಗೆ ಕೂತಿರುವಾಗ ಹೇಗೆ ಹೇಳಲಿ? ಹೂಂ ಭಾವ, ತಲುಪಿರ್ತಾಳೆ ಎಂದೆ. ಕಣ್ಣು ಮುಚ್ಚಿದರು.

ಒಳಗೆ ಏನಾಯಿತು? ಅವರು ಏನೆಂದರು? ಹೇಳಿಬಿಡು. ಆಮೇಲೆ ಆ ಮನೆಗೆ ಬೀಗ ಹಾಕಿ ಇಲ್ಲಿಗೆ ಬಾ. ಮಂಚ ನಿನಗೆ ಬಿಡುತ್ತೇನೆ.

ಪುಟ್ಟಿ

*

ಲಾಡ್ಜು
ಜೂನ್ ೨೭

ಪುಟ್ಟೀ,

ಕೋಪ ಮಾಡಿಕೋ. ನಿನ್ನ ಕೋಪ ಅಷ್ಟಾದರೂ ನನಗೆ ಉಳಿಯಲಿ.

ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ. ನಿನ್ನೆ ಗಂಡ ಹೆಂಡತಿ ಇಬ್ಬರು ಬೆನ್ನಿಗೆ ಚೀಲ ಹಾಕಿಕೊಂಡು ನಡೆದು ಬಂದರು. ಈ ವರ್ಷ ಈ ಮೆಟ್ಟಿಲು ಹತ್ತಿದ ಮೊದಲ ಗಿರಾಕಿಗಳು. "ಒಂದು ರೂಮು ಸಿಗುತ್ತಾ ಅಮ್ಮ?" ಎಂದು ಕೇಳಿದರು. ಇಲ್ಲ, ಎಲ್ಲ ತುಂಬಿದೆ ಎಂದೆ. ಆ ಹೆಂಗಸು ನನ್ನ ಹಿಂದಿನ ಖಾಲಿ ಪಡಸಾಲೆ ನೋಡಿದಳು, ನನ್ನ ಮುಖ ನೋಡಿದಳು, ಗಂಡನ ತೋಳು ಹಿಡಿದು ಇಳಿದು ಹೋದಳು. ಸುಳ್ಳು ಈಗ ನನಗೆ ಉಸಿರಾಟದಷ್ಟೇ ಸಲೀಸಾಗಿದೆ. ಇನ್ನು ಈ ಹಾಸಿಗೆಗಳಲ್ಲಿ ಯಾರು ಮಲಗುವುದನ್ನೂ ನಾನು ನೋಡಲಾರೆ. ನಿನ್ನ ಮಂಚವೂ ಬೇಡ. ನಾನು ಎಲ್ಲಿಗೂ ಬರುವುದಿಲ್ಲ.

ಈಗ ನೀನು ಕೇಳಿದ್ದು.

ನಾನು ಒಳಗೆ ಹೋದಾಗ ಅವರು ಎಚ್ಚರವಾಗಿದ್ದರು. ನನ್ನನ್ನು ನೋಡಿದ ತಕ್ಷಣ ಮುಖ ಅರಳಿತು ಪುಟ್ಟೀ. ಅದನ್ನು ನಾನು ಕಣ್ಣಾರೆ ಕಂಡೆ, ಸುಳ್ಳಲ್ಲ. ಮರುಗಳಿಗೆಗೆ ಅದು ಇಳಿದುಹೋಯಿತು. "ಅಷ್ಟು ಜನಾನ ಯಾರ ಮೇಲೆ ಬಿಟ್ಟು ಬಂದೆ?" ಎಂದರು. ಯಾರೂ ಇಲ್ಲ ಎಂದೆ. ಎಲ್ಲ ನಾನೇ ಕಟ್ಟಿದ್ದು, ದಿನಕ್ಕೊಂದು ರೂಮಿನಲ್ಲಿ ಮಲಗಿ ನಾನೇ ದೂರು ಹುಡುಕಿದ್ದು ಎಂದೆ. ಅವರ ಕಾಲು ಮುಟ್ಟಿ ಹೇಳಿದೆ. "ನಿಮ್ಮಿಬ್ಬರದೂ ಒಂದೇ ಪಾಠ" ಎಂದು ಮುಖ ತಿರುಗಿಸಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು. "ಇಷ್ಟು ವರ್ಷದಲ್ಲಿ ಒಬ್ಬ ಗಿರಾಕೀನೂ ಉಪವಾಸ ಬಿಟ್ಟಿಲ್ಲ. ನನಗೋಸ್ಕರ ಮನೆ ತುಂಬ ಜನಾನ ಹಾಗೇ ಬಿಟ್ಟು ಬಂದ್ಯಾ? ಸಾಯೋವಾಗ ನನಗೆ ಈ ಕೆಟ್ಟ ಹೆಸರು ಬೇಕಿತ್ತಾ?" ಎಂದರು. ಮಾತು ಮುಗಿಯುವುದರೊಳಗೆ ಕೆಮ್ಮು ಹತ್ತಿ ನೀಲಿಗಟ್ಟಿದರು. ನಾನು ನಿಜ ಹೇಳಿದಷ್ಟೂ ಅವರಿಗೆ ಉಸಿರು ಸಿಗುತ್ತಿರಲಿಲ್ಲ.

ಅವರ ಮುಖದ ಮುಂದೆ ನನಗೆ ಸುಳ್ಳು ಬರುವುದಿಲ್ಲ ಎಂದು ನಿನಗೆ ಬರೆದಿದ್ದೆನಲ್ಲ, ಬಂತು. "ಮೇಷ್ಟ್ರಿಗೆ ಒಪ್ಪಿಸಿ ಬಂದಿದ್ದೀನಿ. ಕೆಳಗೆ ವ್ಯಾನು ನಿಂತಿದೆ, ಈಗಲೇ ವಾಪಸ್ ಹೋಗ್ತೀನಿ. ಊಟದ ಹೊತ್ತಿಗೆ ಮನೇಲಿರ್ತೀನಿ" ಎಂದೆ. ಆಗ ಎದೆ ಇಳಿಯಿತು. ಕೆಮ್ಮು ನಿಂತಿತು. ನನ್ನ ಕೈ ಹಿಡಿದುಕೊಂಡರು, ನಾನು ಒಂದು ನಿಮಿಷ ಕೂತೆ. ಆಮೇಲೆ ಅವರೇ ಬಿಡಿಸಿಕೊಂಡು, "ಹೊರಡು, ಘಟ್ಟದಲ್ಲಿ ಕತ್ತಲಾಗುತ್ತೆ" ಎಂದರು.

ನಾನು ಹೊರಟೆ. ಬಾಗಿಲವರೆಗೆ.

ನಾನು ಇಲ್ಲೇ ಇದ್ದೇನೆ ಎಂದು ತಿಳಿದರೆ ಅವರಿಗೆ ಮತ್ತೆ ಅದೇ ಕೆಮ್ಮು, ಅದೇ ಅವಮಾನ. ಅದಕ್ಕೇ ಮತ್ತೆ ಒಳಗೆ ಬರಲಿಲ್ಲ. ನನ್ನ ತಲೆ ಒರಗಿದ್ದು ಅವರ ಹಾಸಿಗೆಯ ಹಿಂದಿನ ಗೋಡೆಗೇ. ಅವರು ನಿನ್ನನ್ನು ಕೇಳಿದ್ದು ಜ್ವರದ ಮಾತಲ್ಲ ಪುಟ್ಟೀ, ಒಂದೊಂದು ಸಲವೂ ನನಗೆ ಕೇಳಿಸಿತು. ನೀನು ಹೂಂ ಎಂದದ್ದೂ ಕೇಳಿಸಿತು. ಮನಸ್ಸಿನಲ್ಲೇ ನಿನಗೆ ಕೈ ಮುಗಿದೆ. ನನಗೆ ಅಳು ಬಂದಾಗ ಸೆರಗು ಬಾಯಿಗೆ ತುರುಕಿಕೊಂಡೆ, ನನ್ನ ದನಿ ಅವರಿಗೆ ಎಷ್ಟು ದೂರದಿಂದಲೂ ಗೊತ್ತಾಗುತ್ತದೆ.

ಕೊನೆಗೆ ನೀನು ಬಾಗಿಲಿಗೆ ಬಂದು "ಅಕ್ಕಾ" ಎಂದು ಕೂಗಿದೆಯಲ್ಲ, ಯಾಕೆ ಕೂಗಿದೆ ಎಂದು ನನಗೆ ತಿಳಿಯಿತು. ಇನ್ನು ಸ್ವಲ್ಪವೇ ಹೊತ್ತು ಎಂದೂ ತಿಳಿಯಿತು. ಓ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಕೇಳಿಸುತ್ತಿತ್ತು.

ಅಕ್ಕ